ಹಳೇ ನಾಣ್ಯ, ಸಣ್ಣ ಬಜೆಟ್: ಆನ್‌ಲೈನ್ ಹರಾಜಿನ ಬೆಲೆಗಳನ್ನು ಗಮನಿಸಿ ಕೊಳ್ಳುವುದು ಹೇಗೆ?

ನಾಣ್ಯ ಸಂಗ್ರಹದ ಬಗ್ಗೆ ಬರೆಯಲು ಶುರು ಮಾಡಿದಾಗಿನಿಂದ ಓದುಗರು ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳುತ್ತಿದ್ದಾರೆ. "ಟಿಪ್ಪುವಿನ ಆನೆ ಕಾಸು ಒಂದು ಬೇಕು, ಎಷ್ಟು ಕೊಡಬಹುದು?" "ವಿಕ್ಟೋರಿಯಾ ರೂಪಾಯಿಗೆ ಇಷ್ಟು ಹೇಳ್ತಿದ್ದಾರೆ, ಸರಿನಾ?"

ಒಂದೇ ಅಂಕಿಯಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಒಂದೇ ಬಗೆಯ ಎರಡು ನಾಣ್ಯಗಳಿಗೆ ಒಂದೇ ವಾರದಲ್ಲಿ ಮೂರು ಪಟ್ಟು ವ್ಯತ್ಯಾಸದ ಬೆಲೆ ಬೀಳಬಹುದು. ಆದರೆ ಆ ಬೆಲೆ ಯಾಕೆ ಬಿತ್ತು ಅಂತ ನೀವೇ ತಿಳಿದುಕೊಳ್ಳಲು ಒಂದು ದಾರಿ ಇದೆ. ಎರಡು ಮೂರು ತಿಂಗಳು ಏನನ್ನೂ ಕೊಳ್ಳದೆ, ಬಿದ್ದ ಬೆಲೆಗಳನ್ನು ಬರೆದಿಡಬೇಕು, ಅಷ್ಟೇ. ಕೇಳಲು ಬೋರು ಅನ್ನಿಸುತ್ತೆ, ನಿಜ. ಆದರೆ ತಿಂಗಳಿಗೆ ಒಂದೋ ಎರಡೋ ಸಾವಿರ ಎತ್ತಿಡುವವರಿಗೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಗೊತ್ತಿಲ್ಲ.

ಬೇಕಾದ ಸಾಮಾನು: ಒಂದು ಎಕ್ಸೆಲ್ ಶೀಟ್ ಅಥವಾ ಗೆರೆ ಹಾಕಿದ ನೋಟ್‌ಬುಕ್, 0.01 ಗ್ರಾಂವರೆಗೆ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಅಯಸ್ಕಾಂತ.

ಹಂತ 1: ಒಂದೇ ಒಂದು ಬಗೆಯನ್ನು ಹಿಡಿಯಿರಿ

"ಹಳೇ ನಾಣ್ಯ" ಅನ್ನುವುದು ಸಮುದ್ರ. ಎಲ್ಲವನ್ನೂ ಗಮನಿಸಲು ಹೋದರೆ ಯಾವುದೂ ದಕ್ಕುವುದಿಲ್ಲ. ಹೊಸಬರಿಗೆ ನಾನು ಹೇಳುವುದು ಎರಡು ಬಗೆ.

ಮೊದಲನೆಯದು ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ. ಇದರಲ್ಲಿ ಒಂದು ಅನುಕೂಲ ಇದೆ: ಬೆಲೆಗೆ ನೆಲ ಇದೆ, ಅಂದರೆ ಒಳಗಿರುವ ಬೆಳ್ಳಿಯ ಬೆಲೆಗಿಂತ ಕೆಳಗೆ ಅದು ಇಳಿಯುವುದಿಲ್ಲ. ರೂಪಾಯಿಯ ತೂಕ 11.66 ಗ್ರಾಂ. 1939ರವರೆಗಿನದರಲ್ಲಿ ಬೆಳ್ಳಿ ಶೇ 91.7, ಅಂದರೆ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. 1940ರಿಂದ 1945ರವರೆಗಿನದರಲ್ಲಿ ಅರ್ಧಕ್ಕರ್ಧ ಮಾತ್ರ, ಅಂದರೆ 5.83 ಗ್ರಾಂ. 1946 ಮತ್ತು 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಇವತ್ತಿನ ಒಂದು ಗ್ರಾಂ ಬೆಳ್ಳಿಯ ದರವನ್ನು ಆ ಬೆಳ್ಳಿಯ ತೂಕಕ್ಕೆ ಗುಣಿಸಿದರೆ ನಾಣ್ಯದ ಲೋಹದ ಬೆಲೆ ಗೊತ್ತಾಗುತ್ತದೆ. ಅದರ ಮೇಲೆ ಕೊಡುವುದೆಲ್ಲ ಹಳೆಯದು, ಅಪರೂಪದ್ದು, ಚೆಂದದ್ದು ಅನ್ನುವುದಕ್ಕೆ. 1862ರ ವಿಕ್ಟೋರಿಯಾ ರೂಪಾಯಿಯನ್ನು "150 ವರ್ಷಕ್ಕಿಂತ ಹಳೆಯದು" ಅಂತ ಜೋರಾಗಿ ಮಾರುತ್ತಾರೆ. ಅದೇ ಇಸವಿ ಇಟ್ಟುಕೊಂಡು ಎಷ್ಟೋ ವರ್ಷ ಅಚ್ಚು ಹಾಕಿದ್ದರು. ಹಾಗಾಗಿ ಅದು ಬೇಕಾದಷ್ಟು ಸಿಗುತ್ತದೆ. ಅದೇ 1911ರ ಐದನೇ ಜಾರ್ಜ್ ರೂಪಾಯಿ ಬೇರೆ ಕಥೆ. ರಾಜನ ನಿಲುವಂಗಿಯ ಮೇಲಿದ್ದ ಪುಟ್ಟ ಆನೆ ಹಂದಿಯ ಹಾಗೆ ಕಾಣುತ್ತದೆ ಅಂತ ಜನ ಗಲಾಟೆ ಮಾಡಿದರು. ಬಹುಪಾಲು ನಾಣ್ಯಗಳನ್ನು ಸರ್ಕಾರ ಹಿಂದಕ್ಕೆ ತೆಗೆದುಕೊಂಡು ಕರಗಿಸಿತು, ಮರುವರ್ಷ ಚಿತ್ರ ತಿದ್ದಿತು. ವಯಸ್ಸಿನಲ್ಲಿ ಚಿಕ್ಕದಾದರೂ ಅದಕ್ಕೆ ಬೆಲೆ ಜಾಸ್ತಿ. ವಯಸ್ಸಿಗೂ ಬೆಲೆಗೂ ನೇರ ಸಂಬಂಧ ಇಲ್ಲ ಅನ್ನುವುದು ಇಲ್ಲೇ ಗೊತ್ತಾಗುತ್ತದೆ, ಅಲ್ವಾ?

ಎರಡನೆಯದು ನಮ್ಮ ಮೈಸೂರಿನ ತಾಮ್ರ. ಟಿಪ್ಪುವಿನ ಆನೆ ಪೈಸೆಗಳು ದೊಡ್ಡ ಸಂಖ್ಯೆಯಲ್ಲಿ ಉಳಿದಿವೆ, ಸಾಧಾರಣ ಸ್ಥಿತಿಯವು ಸಣ್ಣ ಬಜೆಟ್ಟಿಗೂ ಎಟುಕುತ್ತವೆ. ಒಂದು ಕಡೆ ಆನೆ, ಇನ್ನೊಂದು ಕಡೆ ಪಾರ್ಸಿ ಲಿಪಿಯಲ್ಲಿ ಟಂಕಸಾಲೆಯ, ಅಂದರೆ ನಾಣ್ಯ ಅಚ್ಚು ಹಾಕಿದ ಊರಿನ ಹೆಸರು. ಪಟ್ಟಣ ಎಂದರೆ ಶ್ರೀರಂಗಪಟ್ಟಣ, ನಗರ ಎಂದರೆ ಬಿದನೂರು, ಫರ್ರುಖ್‌ಯಾಬ್ ಹಿಸಾರ್ ಎಂದರೆ ಚಿತ್ರದುರ್ಗ, ಫೈಜ್ ಹಿಸಾರ್ ಎಂದರೆ ಗುತ್ತಿ. ಪಟ್ಟಣದ್ದು ಧಾರಾಳ, ಕೆಲವು ಊರಿನವು ಅಪರೂಪ. ಬೆಲೆಯ ಆಟ ಇಲ್ಲೇ ಇದೆ.

ಒಂದು ವಿಷಯ ಮಾತ್ರ ಮೊದಲೇ ಕಲಿತುಕೊಳ್ಳಿ. ಟಿಪ್ಪು ಮೌಲೂದಿ ಅನ್ನುವ ಹೊಸ ಶಕೆ ತಂದ ಮೇಲೆ ನಾಣ್ಯದ ಇಸವಿಯನ್ನು ಬಲದಿಂದ ಎಡಕ್ಕೆ ಬರೆಸಿದ. 1226 ಅನ್ನುವುದು ನಾಣ್ಯದ ಮೇಲೆ 6221 ಅಂತ ಕಾಣುತ್ತದೆ. ಆರಂಭದ ಹಿಜರಿ ಇಸವಿಗಳು ಮಾತ್ರ ಎಡದಿಂದ ಬಲಕ್ಕೆ. ಇದು ಗೊತ್ತಿಲ್ಲದ ಮಾರಾಟಗಾರರು ಇಸವಿ ತಪ್ಪು ಹಾಕುತ್ತಾರೆ. ಗೊತ್ತಿರುವ ನೀವು ಆ ತಪ್ಪಿನ ಲಾಭ ಪಡೆಯಬಹುದು.

ಹಂತ 2: ಹರಾಜಿನ ಪುಟದ ಮಾತು ಅರ್ಥ ಮಾಡಿಕೊಳ್ಳಿ

ಲಾಟ್ ಎಂದರೆ ಹರಾಜಿಗಿಟ್ಟ ಒಂದು ಬಾಬ್ತು. ಅದು ಒಂದೇ ನಾಣ್ಯ ಇರಬಹುದು, ಐವತ್ತರ ಗುಂಪೂ ಇರಬಹುದು. ಎಸ್ಟಿಮೇಟ್ ಎಂದರೆ ಹರಾಜು ಸಂಸ್ಥೆಯ ಅಂದಾಜು. ಇದನ್ನು ಬೆಲೆ ಅಂದುಕೊಳ್ಳಬೇಡಿ. ಜನರನ್ನು ಸೆಳೆಯಲು ಬೇಕೆಂದೇ ಕಡಿಮೆ ಹಾಕುವುದೂ ಉಂಟು. ರಿಸರ್ವ್ ಎಂದರೆ ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಅನ್ನುವ ಮಿತಿ. ಸುತ್ತಿಗೆ ಬಡಿದಾಗ ನಿಂತ ಬೆಲೆಗೆ ಹ್ಯಾಮರ್ ಪ್ರೈಸ್ ಅನ್ನುತ್ತಾರೆ. ಅದರ ಮೇಲೆ ಕೊಂಡವರಿಂದ ಸಂಸ್ಥೆ ವಸೂಲು ಮಾಡುವ ಕಮಿಷನ್ನೇ ಬೈಯರ್ಸ್ ಪ್ರೀಮಿಯಂ. ಅನ್‌ಸೋಲ್ಡ್ ಅಂತಿದ್ದರೆ ಯಾರೂ ಕೊಳ್ಳಲಿಲ್ಲ ಅಂತ ಅರ್ಥ. ಅದೂ ಉಪಯೋಗದ ಮಾಹಿತಿಯೇ: ಆ ಬೆಲೆ ಮಾರುಕಟ್ಟೆಗೆ ಜಾಸ್ತಿ ಆಯಿತು.

ಕೆಎಂ ನಂಬರ್ ಅಂತ ಕಂಡರೆ ಅದು ಜಗತ್ತಿನ ನಾಣ್ಯಗಳ ಒಂದು ಹೆಸರಾಂತ ಕ್ಯಾಟಲಾಗಿನ ಸಂಖ್ಯೆ. ನಿಮ್ಮ ಬಗೆಯ ಕೆಎಂ ನಂಬರ್ ಗೊತ್ತಿದ್ದರೆ ಹುಡುಕುವುದು ತುಂಬ ಸಲೀಸು.

ಹಂತ 3: ಬಿದ್ದ ಬೆಲೆ ಹುಡುಕಿ, ಕೇಳಿದ ಬೆಲೆ ಅಲ್ಲ

ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಇಬೇಯಲ್ಲೋ ಬೇರೆ ಮಾರಾಟ ತಾಣದಲ್ಲೋ ಒಂದು ನಾಣ್ಯಕ್ಕೆ 25,000 ಹಾಕಿರುವುದನ್ನು ನೋಡಿ "ಓಹೋ, ಇದಕ್ಕೆ ಇಷ್ಟು ಬೆಲೆ" ಅಂದುಕೊಳ್ಳುತ್ತಾರೆ. ಅದು ಮಾರುವವರ ಆಸೆ. ಅದೇ ನಾಣ್ಯ ಎರಡು ವರ್ಷದಿಂದ ಅದೇ ಪುಟದಲ್ಲಿ ಕೂತಿರಬಹುದು.

ಇಬೇಯಲ್ಲಿ ಸೋಲ್ಡ್ ಐಟಮ್ಸ್ ಅನ್ನುವ ಫಿಲ್ಟರ್ ಇದೆ. ಅದನ್ನು ಒತ್ತಿದರೆ ಸುಮಾರು ಮೂರು ತಿಂಗಳಲ್ಲಿ ನಿಜಕ್ಕೂ ಮಾರಾಟವಾದವು ಬರುತ್ತವೆ. ಬೆಲೆಯ ಮೇಲೆ ಗೆರೆ ಎಳೆದು "ಬೆಸ್ಟ್ ಆಫರ್ ಒಪ್ಪಿದೆ" ಅಂತಿದ್ದರೆ ಅದು ಚೌಕಾಸಿಯಲ್ಲಿ ಅದಕ್ಕಿಂತ ಕಡಿಮೆಗೆ ಹೋಗಿದೆ. ಆ ಅಂಕಿಯನ್ನು ಪಟ್ಟಿಗೆ ಸೇರಿಸಬೇಡಿ.

ದೊಡ್ಡ ಹರಾಜುಗಳಿಗೆ ನ್ಯೂಮಿಸ್‌ಬಿಡ್ಸ್ ನೋಡಿ. ಹಲವು ದೇಶಗಳ ಹರಾಜು ಸಂಸ್ಥೆಗಳ ಕ್ಯಾಟಲಾಗು ಒಂದೇ ಕಡೆ ಸಿಗುತ್ತದೆ. ಕಾಯಿನ್‌ಆರ್ಕೈವ್ಸ್‌ನಲ್ಲಿ ಇತ್ತೀಚಿನ ಆರು ತಿಂಗಳ ಫಲಿತಾಂಶ ಉಚಿತ, ಹಳೆಯದಕ್ಕೆ ಚಂದಾ ಕೊಡಬೇಕು. ಸಣ್ಣ ಬಜೆಟ್ಟಿನವರಿಗೆ ಚಂದಾ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆ ದುಡ್ಡಿಗೆ ನಾಣ್ಯವೇ ಬರುತ್ತದೆ. ಕ್ಯಾಲಿಫೋರ್ನಿಯಾದ ಸ್ಟೀಫನ್ ಆಲ್ಬಮ್ ಸಂಸ್ಥೆಯ ಹರಾಜುಗಳಲ್ಲಿ ಭಾರತದ ನಾಣ್ಯಗಳು ಸಾಕಷ್ಟು ಬರುತ್ತವೆ, ವಿವರಣೆಯೂ ಚೆನ್ನಾಗಿರುತ್ತದೆ. ನಮ್ಮಲ್ಲಿ ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈನ ತೋಡಿವಾಲಾ, ಅಹಮದಾಬಾದಿನ ಕ್ಲಾಸಿಕಲ್ ನ್ಯೂಮಿಸ್ಮ್ಯಾಟಿಕ್ ಗ್ಯಾಲರಿ ಇವೆ. ಮೈಸೂರು ನಾಣ್ಯಗಳ ಸ್ಥಳೀಯ ಬೆಲೆ ತಿಳಿಯಲು ಇವೇ ಮುಖ್ಯ.

ನಾಣ್ಯ ಯಾವುದು ಅಂತ ಗುರುತಿಸಲು ಬೇರೆ ತಾಣಗಳಿವೆ. ಆಧುನಿಕ ನಾಣ್ಯಕ್ಕೆ ನ್ಯೂಮಿಸ್ಟಾ, ಪಾರ್ಸಿ ಬರಹದ ನಾಣ್ಯಗಳಿಗೆ ಜೆನೋ. ಎರಡೂ ಉಚಿತ. ಅಲ್ಲಿ ಗುರುತಿಸಿ, ಬೆಲೆಯನ್ನು ಹರಾಜಿನಲ್ಲಿ ನೋಡಿ.

ಹುಡುಕುವಾಗ ಒಂದೇ ಹೆಸರಿಗೆ ಅಂಟಿಕೊಳ್ಳಬೇಡಿ. ಮೈಸೂರು, ಟಿಪ್ಪು, ಶ್ರೀರಂಗಪಟ್ಟಣ, ಪಟನ್ ಅಂತ ಬೇರೆ ಬೇರೆ ಹೆಸರುಗಳನ್ನು ಇಂಗ್ಲಿಷಿನ ಎರಡು ಮೂರು ಕಾಗುಣಿತದಲ್ಲಿ ಹಾಕಿ ನೋಡಿ. ತಪ್ಪು ಕಾಗುಣಿತದಲ್ಲಿ ಪಟ್ಟಿಯಾದ ಲಾಟ್‌ಗೆ ಸ್ಪರ್ಧೆ ಕಡಿಮೆ.

ಹಂತ 4: ಬೆಲೆ ಪುಸ್ತಕ ಬರೆಯಿರಿ

ಪ್ರತಿ ಲಾಟ್‌ಗೆ ಒಂದು ಸಾಲು. ತಾರೀಕು, ಸಂಸ್ಥೆ, ಲಾಟ್ ನಂಬರ್, ಟಂಕಸಾಲೆ, ಇಸವಿ, ತೂಕ, ಅವರು ಹೇಳಿದ ಸ್ಥಿತಿ, ನನಗೆ ಕಂಡ ಸ್ಥಿತಿ, ಹ್ಯಾಮರ್ ಬೆಲೆ, ಎಲ್ಲ ಸೇರಿ ಬೆಲೆ. ಜೊತೆಗೆ ಫೋಟೋ ಉಳಿಸಿಕೊಳ್ಳಿ, ಫೈಲಿಗೆ ತಾರೀಕು ಮತ್ತು ಬೆಲೆಯನ್ನೇ ಹೆಸರಾಗಿ ಕೊಡಿ. ಫೋಟೋ ಇಲ್ಲದ ಬೆಲೆ ಅರ್ಧ ಮಾಹಿತಿ.

"ನನಗೆ ಕಂಡ ಸ್ಥಿತಿ" ಅನ್ನುವ ಕಾಲಂ ಬಿಡಬೇಡಿ. ಕಣ್ಣು ಪಳಗುವುದು ಅದರಿಂದಲೇ.

ಇಪ್ಪತ್ತು ಸಾಲಾದ ಮೇಲೆ ಒಂದೇ ಸ್ಥಿತಿಯವನ್ನು ಒಟ್ಟು ಮಾಡಿ. ಈಗ ಸರಾಸರಿ ತೆಗೆಯಬೇಡಿ, ನಡು ಬೆಲೆ ತೆಗೆಯಿರಿ. ಉದಾಹರಣೆಗೆ ಒಂಬತ್ತು ಮಾರಾಟ ಹೀಗಿವೆ ಅಂದುಕೊಳ್ಳಿ: 900, 950, 1,100, 1,100, 1,200, 1,250, 1,300, 1,500, 4,200. ಸರಾಸರಿ 1,500 ಬರುತ್ತದೆ. ಆದರೆ ಒಂಬತ್ತರಲ್ಲಿ ಏಳು ಅದಕ್ಕಿಂತ ಕಡಿಮೆಗೆ ಹೋಗಿವೆ. ಇಬ್ಬರು ಹಠಕ್ಕೆ ಬಿದ್ದ ಆ 4,200 ಇಡೀ ಲೆಕ್ಕ ಕೆಡಿಸಿತು. ಕ್ರಮವಾಗಿ ಜೋಡಿಸಿ ಮಧ್ಯದ್ದನ್ನು, ಅಂದರೆ ಐದನೆಯದನ್ನು ಹಿಡಿದರೆ 1,200. ಮಾರುಕಟ್ಟೆ ಇರುವುದು ಅಲ್ಲಿ. ಎಕ್ಸೆಲ್‌ನಲ್ಲಿ ಇದಕ್ಕೆ ಮೀಡಿಯನ್ ಅನ್ನುವ ಫಾರ್ಮುಲಾ ಇದೆ.

ಆ 4,200ರ ಫೋಟೋವನ್ನು ಇನ್ನೊಮ್ಮೆ ನೋಡುವುದನ್ನು ಮರೆಯಬೇಡಿ. ಬರೀ ಹಠ ಅಲ್ಲದೆ, ಅದರಲ್ಲಿ ನಿಮಗೆ ಗೊತ್ತಿಲ್ಲದ ಅಪರೂಪದ ಗುರುತು ಇದ್ದಿರಬಹುದು. ಟಿಪ್ಪುವಿನ ಕೊನೆಯ ವರ್ಷಗಳ ಪೈಸೆಗಳಲ್ಲಿ ಆನೆಯ ಮೇಲ್ಗಡೆ ಒಂದು ಅರಬ್ಬೀ ಅಕ್ಷರ ಇರುತ್ತದೆ, ವರ್ಷಕ್ಕೊಂದು. ಆನೆ ಎಡಕ್ಕೆ ನೋಡುತ್ತದೋ ಬಲಕ್ಕೋ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಹಂತ 5: ಫೋಟೋ ಓದಲು ಕಲಿಯಿರಿ

ಸ್ಥಿತಿಗೆ ಗ್ರೇಡ್ ಅನ್ನುತ್ತಾರೆ. ಫೈನ್ ಎಂದರೆ ಸವೆದಿದೆ, ಮುಖ್ಯ ಚಿತ್ರ ಕಾಣುತ್ತದೆ. ವೆರಿ ಫೈನ್ ಎಂದರೆ ಕೂದಲು, ಒಡವೆಯಂಥ ವಿವರ ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಎಕ್ಸ್‌ಟ್ರೀಮ್ಲಿ ಫೈನ್ ಎಂದರೆ ಸವೆತ ತೀರಾ ಕಡಿಮೆ. ಅನ್‌ಸರ್ಕ್ಯುಲೇಟೆಡ್ ಎಂದರೆ ಚಲಾವಣೆಗೇ ಹೋಗದ್ದು. ಹೆಸರು ನೋಡಿ ಮೋಸ ಹೋಗಬೇಡಿ: ಫೈನ್ ಅಂದರೆ ಚೆನ್ನಾಗಿದೆ ಅಂತಲ್ಲ. ಬಜೆಟ್ ಸಣ್ಣದಿದ್ದರೆ ಒಳ್ಳೆಯ ವೆರಿ ಫೈನ್ ನಾಣ್ಯ ಹುಡುಕಿ. ಕಣ್ಣಿಗೂ ಚೆಂದ, ಜೇಬಿಗೂ ಹಗುರ.

ತೊಳೆದ ನಾಣ್ಯ ಗುರುತಿಸುವುದು ಮುಖ್ಯ. ನಮ್ಮ ಕಡೆ ತಾಮ್ರದ ನಾಣ್ಯ ಸಿಕ್ಕರೆ ಮೊದಲ ಕೆಲಸ ಹುಣಸೆಹಣ್ಣು ಹಾಕಿ ತಿಕ್ಕುವುದು. ದೇವರ ಚೊಂಬಿಗೆ ಸರಿ, ನಾಣ್ಯಕ್ಕೆ ಅಲ್ಲ. ನಾನೂ ಶುರುವಿನಲ್ಲಿ ಒಂದು ಆನೆ ಪೈಸೆಗೆ ಇದೇ ಮಾಡಿ ಕೈ ಸುಟ್ಟುಕೊಂಡವನು. ಇನ್ನೂರು ವರ್ಷದಲ್ಲಿ ತಾಮ್ರದ ಮೇಲೆ ಕಟ್ಟಿದ ಕಂದು ಪದರವನ್ನು ಪಟಿನಾ ಅನ್ನುತ್ತಾರೆ. ಸಂಗ್ರಾಹಕರು ದುಡ್ಡು ಕೊಡುವುದು ಅದಕ್ಕೇ. ಹುಣಸೆಹಣ್ಣಿಗೆ ಬಿದ್ದ ನಾಣ್ಯ ಫೋಟೋದಲ್ಲಿ ಸಾಲ್ಮನ್ ಮೀನಿನ ಹಾಗೆ ಗುಲಾಬಿ ಮಿಶ್ರಿತ ಕೆಂಪಾಗಿರುತ್ತದೆ. ಆನೆಯ ಕಾಲುಗಳ ಸಂದಿನಲ್ಲಿ, ಅಕ್ಷರದ ತಿರುವುಗಳಲ್ಲಿ ಮಾತ್ರ ಕಪ್ಪು ಉಳಿದಿರುತ್ತದೆ. ಬೆಳ್ಳಿಯಾದರೆ ಒಂದೇ ದಿಕ್ಕಿಗೆ ಎಳೆದ ಕೂದಲೆಳೆಯಂಥ ಗೀರು ನೋಡಿ, ಅದು ಬ್ರಷ್ಷಿನ ಗುರುತು. ರೂಪಾಯಿಯ ಅಂಚಿನಲ್ಲಿ ಬೆಸುಗೆ ಹಾಕಿದ ಗಂಟು ಇದೆಯಾ ಅಂತಲೂ ನೋಡಿ. ಕಾಸಿನ ಸರದಿಂದ ಬಿಚ್ಚಿದ ನಾಣ್ಯಕ್ಕೆ ಬೆಲೆ ತುಂಬ ಇಳಿಯುತ್ತದೆ. ಹಾಗೆ ನೋಡಿದರೆ, ಅಂಥದ್ದು ಬೆಳ್ಳಿಯ ಬೆಲೆಗೇ ಸಿಕ್ಕರೆ ಕೊಳ್ಳಲು ನನಗೇನೂ ಬೇಸರ ಇಲ್ಲ.

ಇನ್ನು ಖೋಟಾ. ರಾಮ, ಸೀತೆ, ಹನುಮಂತನ ಚಿತ್ರ ಇರುವ, "ಈಸ್ಟ್ ಇಂಡಿಯಾ ಕಂಪನಿ 1818" ಅಂತ ಬರೆದ ನಾಣ್ಯಗಳು ಬರುತ್ತಲೇ ಇರುತ್ತವೆ. ಕಂಪನಿ ಅಂಥ ನಾಣ್ಯ ಹೊರಡಿಸಿರಲೇ ಇಲ್ಲ. ಅವು ಆಮೇಲೆ ಮಾಡಿದ ಟೋಕನ್ನುಗಳು. "ಈ ನಾಣ್ಯಕ್ಕೆ ಶಕ್ತಿ ಇದೆ, ಅಕ್ಕಿ ಕಾಳನ್ನು ಸೆಳೆಯುತ್ತದೆ" ಅಂತ ಲಕ್ಷಗಟ್ಟಲೆ ಬೆಲೆ ಹೇಳುವವರ ಫೋನನ್ನು ಕೂಡಲೇ ಕಟ್ ಮಾಡಿ. ಬೆಳ್ಳಿ ರೂಪಾಯಿಗಳಲ್ಲೂ ನಕಲು ಧಾರಾಳ. ವಿವರದಲ್ಲಿ ತೂಕ ಕೊಟ್ಟಿಲ್ಲ ಅಂದರೆ ಸಂದೇಶ ಕಳಿಸಿ ಕೇಳಿ. ತೂಕ ಹೇಳಲು ಸತಾಯಿಸುವವರಿಂದ ಕೊಳ್ಳಬೇಡಿ. ನಾಣ್ಯ ಪರೀಕ್ಷಿಸಿ ಗ್ರೇಡ್ ಕೊಡುವ ಪಿಸಿಜಿಎಸ್ ಅಥವಾ ಎನ್‌ಜಿಸಿ ಸಂಸ್ಥೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿರುವ ನಾಣ್ಯವಾದರೆ ಅದರ ನಂಬರನ್ನು ಆ ಸಂಸ್ಥೆಯ ತಾಣದಲ್ಲೇ ಹಾಕಿ ಫೋಟೋ ತಾಳೆ ನೋಡಿ. ಡಬ್ಬಿಯನ್ನೂ ನಕಲು ಮಾಡುವ ಕಾಲ ಇದು.

ಹಂತ 6: ಕೊನೆಗೆ ಕೈಯಿಂದ ಹೋಗುವ ದುಡ್ಡನ್ನು ಮೊದಲೇ ಲೆಕ್ಕ ಹಾಕಿ

ಹ್ಯಾಮರ್ ಬೆಲೆ 2,000 ಅಂದುಕೊಳ್ಳಿ. ಪ್ರೀಮಿಯಂ ಶೇ 15 ಇದ್ದರೆ 2,300 ಆಯಿತು. ಅದರ ಮೇಲೆ ತೆರಿಗೆ ಶೇ 5 ಇದ್ದರೆ 2,415. ಕೊರಿಯರ್ 150 ಸೇರಿಸಿದರೆ 2,565. ಎರಡು ಸಾವಿರದ ನಾಣ್ಯ ಎರಡೂವರೆ ಸಾವಿರ ದಾಟಿತು. ಪ್ರೀಮಿಯಂ, ತೆರಿಗೆ ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ಜಿಎಸ್‌ಟಿ ಯಾವುದರ ಮೇಲೆ ಎಷ್ಟು ಅನ್ನುವುದನ್ನು ಅವರ ಷರತ್ತುಗಳ ಪುಟದಲ್ಲೇ ಓದಿ.

ಈಗ ಲೆಕ್ಕವನ್ನು ತಿರುಗಿಸಿ. ಜೇಬಿನಲ್ಲಿರುವುದು 2,500. ಕೊರಿಯರ್ 150 ತೆಗೆದರೆ 2,350. ಅದನ್ನು 1.05ರಿಂದ, ಆಮೇಲೆ 1.15ರಿಂದ ಭಾಗಿಸಿ. 1,946 ಬರುತ್ತದೆ. ಬಿಡ್ ನೂರು ನೂರು ಏರುವ ಹರಾಜಿನಲ್ಲಿ ನಿಮ್ಮ ಮಿತಿ 1,900. ಈ ಅಂಕಿಯನ್ನು ಹರಾಜಿನ ಹಿಂದಿನ ದಿನವೇ ಚೀಟಿಯಲ್ಲಿ ಬರೆದು ಮುಂದಿಟ್ಟುಕೊಳ್ಳಿ.

ವಿದೇಶದ ಹರಾಜಾದರೆ ಕಾರ್ಡಿನ ವಿನಿಮಯ ಶುಲ್ಕ, ಅಂತರರಾಷ್ಟ್ರೀಯ ಅಂಚೆ, ಕಸ್ಟಮ್ಸ್ ಸುಂಕ ಸೇರುತ್ತವೆ. ಐದಾರು ಸಾವಿರಕ್ಕಿಂತ ಕಡಿಮೆಯ ಒಂಟಿ ನಾಣ್ಯವನ್ನು ಹೊರಗಿನಿಂದ ತರಿಸುವುದು ಸಾಮಾನ್ಯವಾಗಿ ಲುಕ್ಸಾನು. ಅವುಗಳ ಬೆಲೆ ಗಮನಿಸಿ, ಕೊಳ್ಳುವುದನ್ನು ಇಲ್ಲೇ ಕೊಳ್ಳಿ.

ಹಂತ 7: ಬಿಡ್ ಹಾಕುವ ದಿನ

ಬಹಳಷ್ಟು ತಾಣಗಳಲ್ಲಿ ಪ್ರಾಕ್ಸಿ ಬಿಡ್ಡಿಂಗ್ ಇದೆ. ನಿಮ್ಮ ಗರಿಷ್ಠ ಮೊತ್ತ ಹಾಕಿಬಿಟ್ಟರೆ, ಬೇರೆಯವರು ಏರಿಸಿದಷ್ಟೇ ಯಂತ್ರ ನಿಮ್ಮ ಪರವಾಗಿ ಏರಿಸುತ್ತದೆ. 1,900 ಹಾಕಿದರೂ ಎದುರಾಳಿ 1,300ಕ್ಕೆ ನಿಂತರೆ ನಿಮಗೆ ಸುಮಾರು 1,400ಕ್ಕೆ ಸಿಗುತ್ತದೆ.

ಇಬೇಯಂಥ, ಗಡಿಯಾರ ನೋಡಿ ಮುಗಿಯುವ ಹರಾಜಿನಲ್ಲಿ ಕೊನೆಯ ಕೆಲವು ಸೆಕೆಂಡಿನಲ್ಲಿ ಬಿಡ್ ಹಾಕುವುದಕ್ಕೆ ಸ್ನೈಪಿಂಗ್ ಅನ್ನುತ್ತಾರೆ. ನಾಲ್ಕು ದಿನ ಮೊದಲೇ ಹಾಕಿದರೆ ಬೇರೆಯವರ ಆಸೆ ಕೆರಳಿಸಿದ ಹಾಗೆ, ಸುಮ್ನೆ ಬೆಲೆ ಏರುತ್ತದೆ. ಆದರೆ ಕೆಲವು ತಾಣಗಳಲ್ಲಿ ಕೊನೇ ಗಳಿಗೆಯಲ್ಲಿ ಬಿಡ್ ಬಿದ್ದರೆ ಸಮಯ ತಾನಾಗೇ ಮುಂದಕ್ಕೆ ಹೋಗುತ್ತದೆ. ಅಲ್ಲಿ ಈ ಉಪಾಯ ನಡೆಯುವುದಿಲ್ಲ.

ಒಂದೇ ಹರಾಜಿನಲ್ಲಿ ಐದು ಲಾಟ್‌ಗೆ ಬಿಡ್ ಹಾಕಿ "ಒಂದಾದರೂ ಸಿಗಲಿ" ಅಂದುಕೊಳ್ಳಬೇಡಿ. ಐದೂ ಸಿಕ್ಕರೆ ಐದಕ್ಕೂ ದುಡ್ಡು ಕಟ್ಟಬೇಕು. ಬಿಡ್ ಅನ್ನುವುದು ಕರಾರು.

ದೊಡ್ಡ ಹರಾಜಿನಲ್ಲಿ ಕ್ಯಾಟಲಾಗಿನ ಮುಖಪುಟದ ನಾಣ್ಯದ ಹಿಂದೆ ಎಲ್ಲರೂ ಓಡುತ್ತಾರೆ. ಕೊನೆಯಲ್ಲಿ ಬರುವ ಗುಂಪು ಲಾಟ್‌ಗಳ ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ. ಹತ್ತು ತಾಮ್ರದ ನಾಣ್ಯಗಳ ಗುಂಪಿನ ಫೋಟೋ ದೊಡ್ಡದು ಮಾಡಿ ಒಂದೊಂದನ್ನೇ ನೋಡಿ. ಎರಡು ಒಳ್ಳೆಯವಿದ್ದು, ಉಳಿದವು ಬಹುತೇಕ ಪುಕ್ಕಟೆ ಬಿದ್ದ ಹಾಗಿದ್ದರೆ ಅದು ನಿಮ್ಮ ಲಾಟ್. ಸೋತರೂ ಬಿದ್ದ ಬೆಲೆಯನ್ನು ಬೆಲೆ ಪುಸ್ತಕಕ್ಕೆ ಏರಿಸಿ.

ಹಂತ 8: ಪಾರ್ಸಲ್ ಬಂದ ಮೇಲೆ

ಪಾರ್ಸಲ್ ಬಿಚ್ಚುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ. ತೂಗಿ, ಅಯಸ್ಕಾಂತ ಹಿಡಿದು ನೋಡಿ. ಬೆಳ್ಳಿ, ತಾಮ್ರ ಎರಡೂ ಅಂಟಬಾರದು, 1946–47ರ ನಿಕ್ಕಲ್ ರೂಪಾಯಿ ಅಂಟುತ್ತದೆ. ಫೋಟೋ ಜೊತೆ ತಾಳೆ ನೋಡಿ. ದೂರು ಹೇಳಲು ಸಂಸ್ಥೆಗಳು ಕೊಡುವ ಸಮಯ ಕೆಲವೇ ದಿನ, ತಡ ಮಾಡಬೇಡಿ. ಮೆತ್ತನೆಯ ಪಿವಿಸಿ ಪೌಚಿನಲ್ಲಿ ಬಂದಿದ್ದರೆ ಬದಲಾಯಿಸಿ. ವರ್ಷಗಳಾದ ಮೇಲೆ ಅದು ಹಸಿರು ಅಂಟು ಬಿಡುತ್ತದೆ.

ಬಿಲ್ಲು ಜೋಪಾನ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ಪ್ರಾಚೀನ ವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಹಾಗಾಗಿ ಬಿಲ್ಲು ಕೊಡದವರಿಂದ ಕೊಳ್ಳಬೇಡಿ. ಯಾರಾದರೂ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ "ನಿಮ್ಮ ಹಳೇ ನಾಣ್ಯಕ್ಕೆ ಲಕ್ಷ ಬರುತ್ತೆ, ಮೊದಲು ಶುಲ್ಕ ಕಟ್ಟಿ" ಅಂದರೆ ಅದು ಮೋಸ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಅಣ್ಣನಿಗೆ, ಮಗಳಿಗೆ ಟಿಪ್ಪು ಪೈಸೆ ಉಡುಗೊರೆ ಕೊಡಬೇಕು ಅಂತ ಹಲವರು ಕೇಳುತ್ತಾರೆ. ಇಲ್ಲಿಂದ ಕಳಿಸುವ ಹಾಗಿಲ್ಲ, ಪ್ರಾಚೀನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವುದು ಅಪರಾಧ. ಅಲ್ಲಿರುವವರೇ ಅಲ್ಲಿನ ಹರಾಜಿನಲ್ಲಿ ಕೊಳ್ಳಲಿ. ಆಲ್ಬಮ್ ಸಂಸ್ಥೆಯ ಮುಂದಿನ ಹರಾಜಿನ ಲಾಟ್ ನಂಬರ್ ಮತ್ತು ಮೇಲಿನ ಲೆಕ್ಕದ ಚೀಟಿಯನ್ನು ನೀವು ಅವರಿಗೆ ವಾಟ್ಸಾಪಿನಲ್ಲಿ ಕಳಿಸಿಕೊಟ್ಟರೆ ಸಾಕು.